ಹಣೆ ಮುಟ್ಟುವ ಮಾವ

ನಮ್ಮ ಸೋದರಮಾವನ ಮುಂದೆ ನೀವು ಕೆಮ್ಮಬಾರದಿತ್ತು, ಸೀನಬಾರದಿತ್ತು, ಬಿಸಿಲಲ್ಲಿ ನಡೆದು ಬಂದು ಮುಖ ಕೆಂಪಗೆ ಮಾಡಿಕೊಂಡು ನಿಲ್ಲಲೂಬಾರದಿತ್ತು. ಹಣೆ ಮುಟ್ಟಿಬಿಡುತ್ತಿದ್ದರು! ಗುರುತು ಪರಿಚಯ ಯಾರಿಗೆ ಬೇಕು?

ತೊಂಬತ್ತರ ದಶಕ. ಮಂಡ್ಯದ ಕಡೆಯೆಲ್ಲ ಮಿದುಳು ಜ್ವರದ ಭಯ. ಅರಕೆರೆಯ ನಮ್ಮ ಬೀದಿಗೆ ಬಂದ ಆಸ್ಪತ್ರೆಯವರು, "ಗದ್ದೆ ಸೊಳ್ಳೆ ಹಂದಿಗೆ, ಬೆಳ್ಳಕ್ಕಿಗೆ ಕಚ್ಚಿ, ಆಮೇಲೆ ನಿಮಗೂ ಕಚ್ಚುತ್ತೆ. ಸುಮಾರು ಜನಕ್ಕೆ ಬರೀ ಜ್ವರ ಬಂದು ಹೋಗುತ್ತೆ, ಇದೇ ಅಂತ ಗೊತ್ತೇ ಆಗಲ್ಲ" ಅಂದು ಹೋದರು. ಊರು ಮರೆಯಿತು. ಮಾವ ಆ ಕೊನೆಯ ಮಾತನ್ನು ಹಿಡಿದು ಕೂತರು.

ಒಮ್ಮೆ ಶ್ರೀರಂಗಪಟ್ಟಣದ ಬಸ್ಸಿನಲ್ಲಿ ಕಂಡಕ್ಟರನ ಹಣೆಗೇ ಕೈ ಇಟ್ಟರು.

"ಬಿಸಿ ಅದಲ್ಲಾ! ನಿಮ್ಮೂರಲ್ಲಿ ಅಂದಿ ಅವೇನ್ಲಾ?"

"ಯಜಮಾನ್ರೇ, ಇಂಜಿನ್ ಪಕ್ಕ ನಿಂತಿವ್ನಿ. ತಣ್ಣಗಿರಕ್ಕೆ ನಾನೇನು ಮಜ್ಗೆ ಮಡ್ಕೆನಾ?"

ಬಸ್ಸೆಲ್ಲ ನಕ್ಕಿತು. ನಾನು ಇವರ ಕಡೆಯವನೇ ಅಲ್ಲ ಎಂಬಂತೆ ಕಿಟಕಿಯಾಚೆ ಕಬ್ಬು ನೋಡುತ್ತಾ ಕೂತೆ.

ಜ್ವರ ಬಂದವರನ್ನೆಲ್ಲ ಆಸ್ಪತ್ರೆಗೆ ಎಳೆದೊಯ್ಯುತ್ತಿದ್ದರು. ಡಾಕ್ಟರು ಪ್ರತಿ ಸಲವೂ "ಮಾಮೂಲಿ ಜ್ವರ" ಅನ್ನುವರು. ಮಾವ ಬಿಡುವರೇ? "ಮಾಮೂಲಿ ಅಂದ್ರೆ ಯಾವ್ದು ಸ್ವಾಮಿ? ಅದ್ಕೆ ಅಪ್ಪ ಅವ್ವ ಇಲ್ವಾ?"

ನನ್ನ ತಂಗಿಯನ್ನು ನೋಡಲು ನಾಗಮಂಗಲದಿಂದ ಗಂಡಿನವರು ಬರುವ ದಿನ ಇಂಥವರನ್ನು ಎಲ್ಲಿ ಬಚ್ಚಿಡುವುದು? ಆಗಲೇ ಎರಡು ಸಂಬಂಧ ತಪ್ಪಿದ್ದವು.

"ಅಣ್ಣ, ನಿನ್ ಕಾಲಿಗೆ ಬೀಳ್ತೀನಿ, ಇವತ್ತೊಂದಿನ ಯಾರ್ನೂ ಮುಟ್ಬೇಡ" ಅಂದಳು ಅವ್ವ. ಮಾವ ಬಿಳಿ ಪಂಚೆ ಉಟ್ಟು ಕೈ ಕಟ್ಟಿ ಕೂತರು.

ಉಪ್ಪಿಟ್ಟು ಬರುವವರೆಗೆ ಅಷ್ಟೇ! ಹುಡುಗನಿಗೆ ಶ್ರೀರಂಗಪಟ್ಟಣದಲ್ಲಿ ಕೆಲಸ, ಗದ್ದೆ ಪಕ್ಕದಲ್ಲೇ ರೂಮು ಅಂತ ಅವರಪ್ಪ ಹೇಳಿದ್ದೇ ತಡ, ಮಾವನ ಕೈ ಅವನ ಹಣೆ ಮೇಲೆ.

"ಸುಡ್ತಾ ಅದಲ್ರಪ್ಪಾ!"

"ನನ್ ಮಗ ರೋಗಿಷ್ಟನಾ? ಎದ್ದೇಳ್ಲಾ, ಓಗವಾ!" ಅವರಪ್ಪ ಎದ್ದೇಬಿಟ್ಟರು. ಒಳಗೆ ತಂಗಿ ಅಳುತ್ತಿದ್ದಳು. ನಾನು ನಾಚಿಕೆಯಿಂದ ತೊಲೆ ನೋಡುತ್ತಿದ್ದೆ.

ಹುಡುಗ ಎದ್ದ. ತೂರಾಡಿದ. ಮಾವನ ಪಂಚೆಯ ಮೇಲೆಲ್ಲ ವಾಂತಿ ಮಾಡಿಬಿಟ್ಟ.

"ಬೆಳಗ್ಗಿಂದ ತಲೆ ಒಡೀತಾ ಅದೆ... ಅಪ್ಪ ಯೋಳ್ಬೇಡ ಅಂದಿದ್ರು." ಮುಖ ಎತ್ತಲಾರದೆ ಹೇಳಿದ.

ಮಾವ ಅವನನ್ನು ಎದೆಗೆ ಒರಗಿಸಿಕೊಂಡರು. "ಕಕ್ಕೋ ಮಗ. ಜ್ವರಕ್ಕೆ ಯಾಕ್ಲಾ ನಾಚ್ಕೆ?"

ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದರು. ಏನು ಡಾಕ್ಟರೇ? ಮಾಮೂಲಿ ಜ್ವರ! ಹುಡುಗ ಚೇತರಿಸಿಕೊಂಡ, ಅದು ಯಾವ ಜ್ವರವೆಂದು ಇವತ್ತಿಗೂ ಗೊತ್ತಿಲ್ಲ.

ಅದೇ ಸಂಜೆ ಅವನು ಆಸ್ಪತ್ರೆಯಿಂದ ಬಂದು ನಮ್ಮನೆಯಲ್ಲೇ ಮಲಗಿದ್ದಾಗ ಹಿತ್ತಲಲ್ಲಿ ದಪದಪ ಸದ್ದು. ಹೋಗಿ ನೋಡಿದರೆ, ಹೆಣ್ಣಿನ ಮನೆಯಲ್ಲಿ ಕುಡಿದ ಲೋಟವನ್ನೂ ಎತ್ತಿಡಬೇಕಿಲ್ಲದ ಗಂಡಿನ ಅಪ್ಪ, ಒಗೆಯುವ ಕಲ್ಲಿಗೆ ಮಾವನ ಪಂಚೆ ಬಡಿಯುತ್ತಿದ್ದಾರೆ! ಅವ್ವ ಓಡಿಹೋಗಿ ಕಿತ್ತುಕೊಳ್ಳಲು ಬಗ್ಗಿದಳು.

"ಬುಡಿ ಬೀಗಿತ್ತಿ" ಅಂದರು ತಲೆ ಎತ್ತದೆ. "ಎತ್ತಪ್ಪ ನಾನು, ನನ್ ಮಗನ ಅಣೆ ಮುಟ್ನಿಲ್ಲ. ಮುಟ್ಟಿದೋರ ಪಂಚೆನಾರಾ ಒಗೀತೀನಿ."