ಮೇಷ್ಟ್ರು ಒಡೆದ ಅಣೆಕಟ್ಟು

ಆಪತ್ತು ಬಂದಾಗ ಜನ ಹೆದರಿ ಓಡುವುದಿಲ್ಲ, ಒಬ್ಬರಿಗೊಬ್ಬರು ಆಗುತ್ತಾರೆ ಎಂಬುದು ಸಮಾಜಶಾಸ್ತ್ರದ ಮೇಷ್ಟ್ರ ವಾದ. ಅಂದು ಮಧ್ಯಾಹ್ನ ಕಾಲೇಜಿನಲ್ಲಿ ಅದನ್ನೇ ಭಾಷಣ ಮಾಡಿ ಸೈ ಅನ್ನಿಸಿಕೊಂಡರೆ, ವರ್ಷಗಟ್ಟಲೆ ತೂಗಾಡುತ್ತಿದ್ದ ಕೆಲಸ ಕಾಯಂ. ಬೆಳಿಗ್ಗೆ ಗಡ್ಡಕ್ಕೆ ನೊರೆ ಹಚ್ಚಿಕೊಂಡೇ ಭಾಷಣದ ಆರಂಭವನ್ನು ಫೋನಿಗೆ ಹೇಳಿ, ತವರಿನಲ್ಲಿದ್ದ ಹೆಂಡತಿಗೆ ಕಳಿಸಿದರು. “ಬಂಧುಗಳೇ, ಮೇಲಿನ ಅಣೆಕಟ್ಟು ಒಡೆದಿದೆ! ನೀರು ಇನ್ನೇನು ನಮ್ಮ ಬೀದಿಗೆ ನುಗ್ಗಲಿದೆ!” ಕೇಳುಗರು ಬೆಚ್ಚಿಬಿದ್ದ ಮೇಲೆ, ಇದು ಬರೀ ಕಲ್ಪನೆ ಎಂದು ನಗಿಸುವ ಹಂಚಿಕೆ.

ಹಾಳಾದ್ದು, ಬೆರಳು ಜಾರಿ ಅದು ಹೋದದ್ದು ಇಡೀ ಕಟ್ಟಡದವರ ವಾಟ್ಸಾಪ್ ಗುಂಪಿಗೆ!

ಅರ್ಧ ಗಡ್ಡ ಹೆರೆಯುವಷ್ಟರಲ್ಲಿ ಬಾಗಿಲು ದಬದಬ ಬಡಿಯಿತು. ಕೆಳಮನೆಯ ನಿವೃತ್ತ ಪೋಸ್ಟ್‌ಮಾಸ್ಟರು, ಅವರ ಹಿಂದೆ ಎದುರುಮನೆಯ ಟೈಲರಮ್ಮ.

“ನಡೀರಿ ಮೇಷ್ಟ್ರೇ, ತಾರಸಿಗೆ! ವಯಸ್ಸಾದವರೆಲ್ಲ ಆಗಲೇ ಮೇಲಿದಾರೆ.”

“ಅಯ್ಯೋ, ಅದು ನನ್ನ ಭಾಷಣ ಕಣ್ರೀ! ಅಣೆಕಟ್ಟು ಒಡೆದಿಲ್ಲ!”

“ಪಾಪ, ಗಾಬರಿಗೆ ಏನೇನೋ ಮಾತಾಡ್ತಿದಾರೆ,” ಎಂದರು ಟೈಲರಮ್ಮ. “ಹೆಂಡ್ತಿ ಬೇರೆ ಊರಲ್ಲಿಲ್ಲ. ಹಿಡ್ಕೊಳ್ಳಿ ಆ ಕಡೆ.”

ಇಬ್ಬರೂ ರಟ್ಟೆ ಹಿಡಿದು ಹತ್ತಿಸಿಯೇಬಿಟ್ಟರು. ತಾರಸಿಯಲ್ಲಿ ಏನು ಶಿಸ್ತು! ಮುದುಕರಿಗೆ ಕುರ್ಚಿ, ಕೂಸುಗಳಿಗೆ ಹಾಸಿಗೆ, ಎಲ್ಲರಿಗೂ ಚಹಾ. ತಮ್ಮ ವಾದ ಕಣ್ಣೆದುರೇ ಗೆಲ್ಲುತ್ತಿದ್ದರೂ ಮೇಷ್ಟ್ರಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಭಾಷಣದ ಹೊತ್ತು ಹತ್ತಿರವಾಗುತ್ತಿತ್ತು. ಮೆಟ್ಟಿಲಿನತ್ತ ಹೋದಾಗಲೆಲ್ಲ ಯಾರಾದರೊಬ್ಬರು ಬೆನ್ನು ಸವರಿ ಕರೆತಂದು ಇನ್ನೊಂದು ಲೋಟ ಚಹಾ ಕುಡಿಸುತ್ತಿದ್ದರು.

ವಿದೇಶದಿಂದ ಅಕ್ಕನ ಫೋನು. “ತಮ್ಮಾ, ಬದುಕಿದೀಯೇನೋ? ನಿಮ್ಮೂರ ಅಣೆಕಟ್ಟು ಹೋಯ್ತಂತೆ! ಇಲ್ಲಿ ಎಲ್ಲರ ಫೋನಿಗೂ ಬಂದಿದೆ. ಯಾರೋ ದೊಡ್ಡ ತಜ್ಞರೇ ಹೇಳಿದಾರಂತೆ!”

“ಅಕ್ಕಾ, ಆ ತಜ್ಞ ನಾನೇ ಕಣೇ!”

“ನೀನಾ? ತಮಾಷೆಗೂ ಒಂದು ಹೊತ್ತಿದೆ ಕಣೋ,” ಎಂದು ಅಕ್ಕ ಅಳತೊಡಗಿದಳು.

ಹಿಂದೆಯೇ ಪ್ರಿನ್ಸಿಪಾಲರ ಫೋನು. “ಕಾಲೇಜು ಖಾಲಿ ಮಾಡಿಸಿದೀವಿ ಮೇಷ್ಟ್ರೇ. ವಿದೇಶದಿಂದಲೇ ಸುದ್ದಿ ಬಂದಿದೆ!” ಎಂದವರೇ ಫೋನಿಟ್ಟರು.

ಮೇಷ್ಟ್ರಿಗೇ ಈಗ ಅನುಮಾನ ಹುಟ್ಟಿತು. ಅಲ್ಲ, ಕಾಲೇಜನ್ನೇ ಖಾಲಿ ಮಾಡಿಸಬೇಕಾದರೆ... ತಾನು ಸುಮ್ಮನೆ ಹೇಳಿದ್ದು ಅಕಸ್ಮಾತ್ ನಿಜವೇ ಆಗಿಹೋಗಿದ್ದರೆ?

ಅಷ್ಟರಲ್ಲಿ ಬೆನ್ನ ಹಿಂದೆ ಭೋರೆಂದು ಸದ್ದು. ಪಾದಕ್ಕೆ ತಣ್ಣನೆ ನೀರು!

“ಬಂತು! ಬಂತ್ರೋ! ಸತ್ವಿ!” ಮೇಷ್ಟ್ರು ಕಿರುಚಿಕೊಂಡು ಕುರ್ಚಿಗಳನ್ನು ಕೆಡವಿ, ಪೋಸ್ಟ್‌ಮಾಸ್ಟರ ಹೆಗಲಿಗೆ ಕಾಲು ಕೊಟ್ಟು ನೀರಿನ ಟ್ಯಾಂಕಿನ ನೆತ್ತಿ ಏರಿದರು.

“ಟ್ಯಾಂಕ್ ತುಂಬಿ ಚೆಲ್ತಿದೆ ಅಷ್ಟೆ. ಯಾರಾದ್ರೂ ಪಂಪ್ ಆಫ್ ಮಾಡ್ರಪ್ಪಾ,” ಎಂದರು ಪೋಸ್ಟ್‌ಮಾಸ್ಟರು ಹೆಗಲು ಒತ್ತಿಕೊಳ್ಳುತ್ತ. “ಅಣೆಕಟ್ಟಿನ ಕಚೇರಿಗೆ ಈಗಷ್ಟೇ ಫೋನ್ ಮಾಡಿ ವಿಚಾರಿಸ್ದೆ. ಏನೂ ಆಗಿಲ್ವಂತೆ.”

ಜನ ಚಹಾದ ಲೋಟ ತೊಳೆದಿಟ್ಟು, ಸಾಲಾಗಿ ಇಳಿದು ಹೋದರು. ಟೈಲರಮ್ಮ ಮಾತ್ರ ಆಗಿನಿಂದ ಮೇಷ್ಟ್ರತ್ತ ಫೋನು ಎತ್ತಿ ಹಿಡಿದುಕೊಂಡೇ ಇದ್ದರು.

ಟ್ಯಾಂಕಿನ ಮೇಲೆ ಕೂತಿದ್ದ ಮೇಷ್ಟ್ರಿಗೆ ಮತ್ತೆ ಪ್ರಿನ್ಸಿಪಾಲರ ಫೋನು. “ಸುಳ್ಳು ಸುದ್ದಿಯಂತೆ. ಭಾಷಣ ನಡೆಸೋಣ ಅಂತಿದ್ದೆ ಕಣ್ರೀ. ಅಷ್ಟರಲ್ಲಿ ನಿಮ್ಮ ಕಟ್ಟಡದ ವಿಡಿಯೋ ಬಂತು. ಜನ ಹೆದರಿ ಓಡಲ್ಲ ಅಂತ ಅಲ್ವಾ ನಿಮ್ಮ ವಾದ? ಇಲ್ಲಿ ಅರ್ಧ ಗಡ್ಡದವನೊಬ್ಬ ಮುದುಕರನ್ನೇ ತುಳಿದು ಟ್ಯಾಂಕ್ ಹತ್ತಿದಾನೆ! ಇದನ್ನ ನೋಡಿದ ಮೇಲೆ ಸಭಿಕರು ನಗಲ್ವಾ? ಕೆಲಸದ ಮಾತು ಮುಂದಿನ ವರ್ಷ ನೋಡೋಣ. ಅಂದ ಹಾಗೆ, ಯಾರ್ರೀ ಆ ಪುಣ್ಯಾತ್ಮ?”

ಮೇಷ್ಟ್ರು ಕೆನ್ನೆ ಸವರಿಕೊಂಡರು. ಒಂದು ಕಡೆ ನೊರೆ ಒಣಗಿತ್ತು.

“ಯಾರೋ ದೊಡ್ಡ ತಜ್ಞರಂತೆ ಸಾರ್.”