ಮೂರು ಲೀಟರಿನ ಮಾವ

ನನ್ನ ಸೋದರಮಾವ ಮೂವತ್ತು ವರ್ಷ ಹಗಲು ಹೊತ್ತಿನಲ್ಲಿ ನೀರು ಮುಟ್ಟಿದವರಲ್ಲ ಎಂದರೆ ನಂಬುತ್ತೀರಾ? ನಂಬಲೇಬೇಕು! ಬದಲಾಪುರದಿಂದ ಮುಂಬಯಿಯ ಆಫೀಸಿಗೆ ದಿನಾ ಲೋಕಲ್ ರೈಲು ಹಿಡಿಯುತ್ತಿದ್ದವರು. "ಲೋಕಲ್‌ನಲ್ಲಿ ಪಾಯಖಾನೆ ಉಂಟಾ ಮಾರಾಯ? ಕುಡಿದು ಎಲ್ಲಿಗೆ ಹೋಗುವುದು?" ಎಂಬುದು ಅವರ ವಾದ. ರಿಟೈರಾದ ಮೇಲೂ ಚಾಳಿ ಬಿಡಲಿಲ್ಲ. ಡೊಂಬಿವಲಿಯ ನಮ್ಮ ಮನೆಗೆ ಬಂದಾಗ ನನ್ನ ಹೆಂಡತಿ ಲೋಟ ತುಂಬ ನೀರು ತಂದರೆ, "ಕೈ ತೊಳೆಯಲಿಕ್ಕಾ?" ಎಂದು ಕೇಳಿದ ಮಹಾಶಯರು!

ಇಂಥವರಿಗೆ ಶ್ವಾಸಕೋಶದ ಕ್ಯಾನ್ಸರ್ ಬಂತು. ಮಾವ, ಅತ್ತೆಗೆ ಮಕ್ಕಳಿಲ್ಲ, ಓಡಾಟಕ್ಕೆಲ್ಲ ನಾನೇ. ಥಾಣೆ ನಗರದ ಆಸ್ಪತ್ರೆಯ ಡಾಕ್ಟರಮ್ಮ ಬಿಡಿಸಿ ಹೇಳಿದರು: ಈ ಕೀಮೋ ಔಷಧಿ ಕಿಡ್ನಿಗೂ ಪೆಟ್ಟು ಕೊಡಬಹುದು, ಅದಕ್ಕೇ ದಿನಕ್ಕೆ ಮೂರು ಲೀಟರ್ ನೀರು ಕುಡಿಯಬೇಕು. ತಮ್ಮನ್ನು ಕೇಳದೆ ನೋವಿನ ಮಾತ್ರೆ ಒಂದೂ ನುಂಗಬಾರದು.

"ಒಂದೂವರೆ ಲೀಟರಿಗೆ ಮುಗಿಸಿ ಡಾಕ್ಟ್ರೇ" ಎಂದರು ಮಾವ.

"ಕಾಕಾ, ಚೌಕಾಸಿ ಮಾಡಲಿಕ್ಕೆ ಇದು ಭಾಜಿ ಮಾರ್ಕೆಟ್ ಅಲ್ಲ!" ಎಂದು ಆಕೆ ಮರಾಠಿಯಲ್ಲಿ ಗದರಿದರು.

ಮನೆಯಲ್ಲಿ ಯುದ್ಧ ಶುರು. ಅತ್ತೆ ಬಾಟಲಿ ಹಿಡಿದು ಹಿಂದೆ, ಮಾವ ಮುಂದೆ. ಊಟದ ಸಾರನ್ನೂ ಲೆಕ್ಕಕ್ಕೆ ಹಿಡಿಯಬೇಕಂತೆ. "ಸಾರು ನೀರಲ್ಲದೆ ಸಿಮೆಂಟಾ?" ಆಸ್ಪತ್ರೆಯಲ್ಲಿ ಸಲೈನ್ ಏರಿಸುವಾಗ ಮಾತ್ರ ಮುಖ ಅರಳುತ್ತಿತ್ತು. "ಇದು ಒಳ್ಳೇದು ಮಾರಾಯ, ನುಂಗುವ ಕಷ್ಟ ಇಲ್ಲ!"

ಆದರೂ ಕುಡಿದರು. ಬೈಯುತ್ತ, ಮುಖ ಸಿಂಡರಿಸುತ್ತ, ಮೂರು ಲೀಟರನ್ನೂ ಕುಡಿದರು. ಎರಡು ಸುತ್ತಿನ ಕೀಮೋ ಮುಗಿದರೂ ಕಿಡ್ನಿ ರಿಪೋರ್ಟ್ ಚೆನ್ನಾಗಿಯೇ ಇತ್ತು. ಗೆದ್ದೆವು ಎಂದುಕೊಂಡೆ.

ಅಷ್ಟರಲ್ಲಿ ಸೊಂಟನೋವು ಶುರುವಾಯಿತು. "ಒಂದು ಮಾತ್ರೆ ತಂದುಕೊಡು, ಕುಳಿತುಕೊಳ್ಳಲಿಕ್ಕೂ ಆಗುವುದಿಲ್ಲ" ಎಂದರು. ಡಾಕ್ಟರ ಮಾತು ನನಗೆ ಮರೆತಿರಲಿಲ್ಲ. ಆದರೆ ಫೋನ್ ಮಾಡಿದರೆ ಕರೆಸುತ್ತಾರೆ, ಮತ್ತೆ ರಜೆ ಹಾಕಬೇಕು. ಒಂದು ಮಾತ್ರೆಯಿಂದ ಏನಾದೀತು ಎಂದು ಸ್ಟೇಷನ್ ಬಳಿಯ ಮೆಡಿಕಲ್ ಅಂಗಡಿಯಿಂದ ತಂದುಕೊಟ್ಟೆ. ನೋವು ಇಳಿಯಿತು. ಮಾರನೆಯ ದಿನ ಮತ್ತೆ ಕೇಳಿದರು, ಕೊಟ್ಟೆ. ಹೀಗೆ ಐದು ದಿನ.

ಮೂರನೆಯ ಸುತ್ತಿಗೆ ಹೋದಾಗ ಡಾಕ್ಟರಮ್ಮ ರಿಪೋರ್ಟ್ ನೋಡಿ ಪೆನ್ ಕೆಳಗಿಟ್ಟರು. ಕಿಡ್ನಿಗೆ ಪೆಟ್ಟು ಬಿದ್ದಿತ್ತು.

"ಇಷ್ಟು ನೀರು ಕುಡಿದೂ ಹೀಗಾಗಿದೆ ಎಂದರೆ ನೋವಿನ ಮಾತ್ರೆಯೇ ಇರಬೇಕು. ಕೊಟ್ಟವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ನಾನೇ ಕದ್ದುಮುಚ್ಚಿ ತಂದು ನುಂಗಿದೆ. ಇವನಿಗೆ ಗೊತ್ತೇ ಇಲ್ಲ."

ಆ ಕೀಮೋ ಔಷಧಿ ನಿಲ್ಲಿಸಿ ಬೇರೆಯದು ಕೊಟ್ಟರು. ಕಿಡ್ನಿ ಅರ್ಧಂಬರ್ಧ ಸುಧಾರಿಸಿತು. ಮಾವ ಎಂಟು ತಿಂಗಳು ಬದುಕಿದರು. ಮೊದಲಿನ ಔಷಧಿಯೇ ಮುಂದುವರಿದಿದ್ದರೆ ಇನ್ನೂ ಇರುತ್ತಿದ್ದರೇ? "ಹೇಳಲಾಗದು" ಎಂದರು ಡಾಕ್ಟರಮ್ಮ. ಆ ಮಾತಿನಲ್ಲಿ ಸಮಾಧಾನವನ್ನು ನಾನು ಇವತ್ತಿಗೂ ಹುಡುಕುತ್ತಿದ್ದೇನೆ.

ಮಾವ ಆ ಸುಳ್ಳು ಹೇಳಿದ ದಿನ ಆಸ್ಪತ್ರೆಯಿಂದ ಮರಳುವಾಗ ರಿಕ್ಷಾದಲ್ಲಿ ನಾನು ಅತ್ತುಬಿಟ್ಟೆ. ಮಾವ ನನ್ನ ತೊಡೆಯ ಮೇಲೆ ಕೈಯಿಟ್ಟು, "ಅತ್ತೆಗೆ ಹೇಳಬೇಡ. ನಾನು ಹೋದ ಮೇಲೆ ಅವಳಿಗೆ ನೀನೊಬ್ಬನೇ ಅಲ್ಲವಾ? ಅವಳು ನಿನ್ನನ್ನು ನಂಬಬೇಕು" ಎಂದರು.

ಹೇಳಿಲ್ಲ. ಈಗಲೂ ಚೂರು ತಲೆನೋವು ಬಂದರೂ ಅತ್ತೆ ನನಗೇ ಫೋನ್ ಮಾಡುತ್ತಾರೆ: "ಯಾವ ಮಾತ್ರೆ ತೆಗೆದುಕೊಳ್ಳಲಿ ಮಗಾ? ನೀನು ಹೇಳಿದರೆ ಧೈರ್ಯ."