ಗುರುವಾರ ಇಲ್ಲದ ಮನೆ

ನಮ್ಮ ದೊಡ್ಡಮ್ಮನ ಮನೆಯಲ್ಲಿ ವಾರಕ್ಕೆ ಆರೇ ದಿನ. ನಂಬಿಕೆ ಬರದಿದ್ದರೆ ಬಸವೇಶ್ವರನಗರದಲ್ಲಿ ಅವರ ಮನೆಗೆ ನಲ್ಲಿ ರಿಪೇರಿಗೆ ಬರುವವನನ್ನು ಕೇಳಿ ನೋಡಿ.

“ಯಾವತ್ತು ಬರ್ಲಿ ಅಮ್ಮಾ?” ಎಂದು ಅವನು ಫೋನಿನಲ್ಲಿ ಕೇಳಿದ.

“ಬುಧವಾರ ಕಳೀಲಿ, ಆಮೇಲೆ ಬಾಪ್ಪ.”

“ಹಂಗಾದ್ರೆ ಶುಕ್ರವಾರ ಬರ್ತೀನಿ.”

“ಅಷ್ಟು ಮುಂದಕ್ಕೆ ಹೋಗ್ಬೇಡ. ಅದರ ಹಿಂದಿನ ದಿನ.”

ಅವನು ತಲೆಕೆಟ್ಟು ಶನಿವಾರ ಬಂದ. ಅಷ್ಟರಲ್ಲಿ ಅಡುಗೆಮನೆಯ ನೀರು ಹಾಲಿಗೆ ಬಂದು ಸೋಫಾದ ಕಾಲು ತೊಳೆಯುತ್ತಿತ್ತು. ನಾನು ಗಾಬರಿಯಾಗಿ, “ಗುರುವಾರ ಅಂತ ಒಂದು ಮಾತು ಹೇಳಿದ್ರೆ ಏನಾಗ್ತಿತ್ತು ದೊಡ್ಡಮ್ಮ?” ಎಂದೆ. ಅವರು ಬಟ್ಟೆ ಹಿಂಡುತ್ತಾ, “ನೀರು ಬಂದ್ರೆ ಒರೆಸ್ಬೋದು ಕಣೇ. ಆ ಹೆಸರು ಬಾಯಿಗೆ ಬಂದ್ರೆ ಒರೆಸಕ್ಕಾಗತ್ತಾ?” ಎಂದರು.

ಆ ಹೆಸರು ನಮ್ಮ ದೊಡ್ಡಪ್ಪನದು. ಗುರು. ಹೆಂಡತಿ ಗಂಡನ ಹೆಸರೆತ್ತಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ದೊಡ್ಡಮ್ಮನಿಗೆ ದಾವಣಗೆರೆ ಕಡೆಯ ಅವರ ಅಜ್ಜಿ ಯಾವಾಗಲೋ ಕಿವಿಯಲ್ಲಿ ಊದಿದ್ದರಂತೆ. ಬೇರೆ ಹೆಂಗಸರೆಲ್ಲ ಇದಕ್ಕೊಂದು ರಿಯಾಯಿತಿ ಮಾಡಿಕೊಂಡಿದ್ದರು. ಮದುವೆಯಾಗಿ ಮನೆ ತುಂಬುವಾಗ ಹೊಸಿಲಲ್ಲಿ ನಿಂತು, ಒಡಪು ಕಟ್ಟಿ, ಪ್ರಾಸದ ನಡುವೆ ಗಂಡನ ಹೆಸರು ಸೇರಿಸಿ ಹೇಳಿಬಿಡುತ್ತಿದ್ದರು. ನಮ್ಮ ದೊಡ್ಡಮ್ಮ ಅದನ್ನೂ ಒಪ್ಪಲಿಲ್ಲ. ಹೆಸರು ಹೇಳುವ ತನಕ ಒಳಗೆ ಬಿಡುವುದಿಲ್ಲವೆಂದು ನಾದಿನಿಯರು ಬಾಗಿಲಿಗೆ ಅಡ್ಡ ನಿಂತರು. ಮದುಮಗನೂ ಪಕ್ಕದಲ್ಲೇ ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದ. ಕಾದೂ ಕಾದೂ ಎಲ್ಲರೂ ಅತ್ತಿತ್ತ ನೋಡುವಷ್ಟರಲ್ಲಿ ಮದುಮಗಳು ರೇಷ್ಮೆ ಸೀರೆ ಎತ್ತಿ ಹಿಡಿದು, ಹಿತ್ತಲ ಬಾಗಿಲಿಂದ ಒಳಗೆ ಹೋಗಿ, ಅಡುಗೆಮನೆಯಲ್ಲಿ ನೀರು ಕುಡಿಯುತ್ತಿದ್ದಳಂತೆ.

ಇಂಥವರು ಬಂದು ನೆಲೆಸಿದ್ದು ಎಲ್ಲಿ ಹೇಳಿ? ಬೆಂಗಳೂರಿನಲ್ಲಿ! ಇಲ್ಲಿ ಆ ಹೆಸರಿಲ್ಲದೆ ಒಂದು ಸ್ಕೂಟರೂ ಮುಂದೆ ಹೋಗುವುದಿಲ್ಲ. “ಗುರೂ...” ಎಂದು ರಾಗ ಎಳೆದರೆ ಏನೋ ಉಪಕಾರವಾಗಬೇಕಿದೆ. “ಏನ್ ಗುರು?” ಎಂದು ಮೊಟಕಾಗಿ ಕಡಿದರೆ ಇನ್ನೇನು ಕೈ ಮಿಲಾಯಿಸುತ್ತಾರೆ. “ಬಿಡು ಗುರು” ಎಂದರೆ ಸಮಾಧಾನ, “ಸೂಪರ್ ಗುರು” ಎಂದರೆ ಬಿರುದು. “ಹೋಗ್ ಗುರು” ಎಂದರೆ ನಾನು ನಂಬುವುದಿಲ್ಲ ಎಂದೂ ಆಯಿತು, ಇಲ್ಲಿಂದ ತೊಲಗು ಎಂದೂ ಆಯಿತು. ಇದನ್ನೆಲ್ಲ ನಾನು ಬಿಡಿಸಿ ಹೇಳಿದಾಗ ದೊಡ್ಡಮ್ಮ ಕೆನ್ನೆಗೆ ಕೈ ಹಚ್ಚಿ ಕೂತುಬಿಟ್ಟರು.

“ನಾನು ಇಷ್ಟು ವರ್ಷ ಜೋಪಾನ ಮಾಡಿಟ್ಟಿರೋದನ್ನ ಇವ್ರು ಬೀದಿ ತುಂಬಾ ಚೆಲ್ಕೊಂಡು ಹೋಗ್ತಾರಲ್ಲೇ.”

ಒಮ್ಮೆ ನಾಗರಬಾವಿಯ ನನ್ನ ಬಾಡಿಗೆ ರೂಮು ನೋಡಲು ಬಂದಿದ್ದರು. ಕೆಳಗಿನ ಟೀ ಅಂಗಡಿಯಲ್ಲಿ ಕಾಲೇಜಿನ ಹುಡುಗನೊಬ್ಬ ಪಕ್ಕದ ಹುಡುಗಿಗೆ, “ನೋಟ್ಸ್ ಕಳ್ಸು ಗುರು” ಎಂದ. ದೊಡ್ಡಮ್ಮನ ಟೀ ಸೀರೆಯ ಮೇಲೆ ತುಳುಕಿತು. “ಹೆಣ್ಣು ಹುಡುಗೀಗಾ?” ಎಂದು ಪಿಸುಗುಟ್ಟಿದರು. ನಾನು ಉತ್ತರ ಹುಡುಕುವಷ್ಟರಲ್ಲಿ ಅದೇ ಹುಡುಗ ಬನ್ನು ಮುರಿದು ಬೀದಿನಾಯಿಯ ಮುಂದೆ ಹಾಕಿ, “ತಿನ್ನು ಗುರು, ಧಿಮಾಕು ಮಾಡ್ಬೇಡ” ಅನ್ನಬೇಕೆ! ದೊಡ್ಡಮ್ಮ ಎದ್ದು ನಿಂತರು. ನನ್ನ ರೂಮನ್ನೂ ನೋಡದೆ ಆಟೋ ಹತ್ತಿದರು.

ಮನೆಗೆ ಹೋದವರೇ ಬೇಳೆ ಬೇಯಿಸಿ, ಹೋಳಿಗೆ ಮಾಡಿ, ತುಪ್ಪ ಸುರಿದು ದೊಡ್ಡಪ್ಪನ ಮುಂದಿಟ್ಟರು. ಬೀದಿಯಲ್ಲಾದ ಅವಮಾನಕ್ಕೆ ಮನೆಯಲ್ಲಿ ಪರಿಹಾರ. ಅಂದಿನಿಂದ ಅದೇ ಪದ್ಧತಿಯಾಯಿತು. ಹೊರಗೆ ಯಾರಾದರೂ ಆ ಹೆಸರಿಟ್ಟು ಬೈದದ್ದು ಕಿವಿಗೆ ಬಿದ್ದರೆ ಒಳಗೆ ಸಿಹಿ. ದೊಡ್ಡಪ್ಪ ಸಾಧು ಮನುಷ್ಯ, ಆದರೆ ಪೆದ್ದರಲ್ಲ. ಹೆಂಡತಿ ತರಕಾರಿ ತಂದು ಚೀಲ ಇಳಿಸುವ ಮೊದಲೇ, “ಯಾಕೆ, ಇವತ್ತು ಯಾರೂ ನನ್ನ ಬೈಲಿಲ್ವಾ?” ಎಂದು ಆಸೆಯಿಂದ ಕೇಳುತ್ತಿದ್ದರು. ಮುಂದೆ ಶುಗರ್ ಟೆಸ್ಟ್ ಮಾಡಿಸಿದಾಗ ಡಾಕ್ಟರೇ ಬೆಚ್ಚಿಬಿದ್ದರು.

ಆದರೆ ಶುಗರಿಗಿಂತ ದೊಡ್ಡ ಸುದ್ದಿ ಆಮೇಲೆ ಬಂತು. ದೊಡ್ಡಪ್ಪನಿಗೆ ಮರೆವು ಶುರುವಾಯಿತು. ಹಾಲು ತರಲು ಹೋದವರು, ಹಿಂದೆ ಯಾವಾಗಲೋ ಬಾಡಿಗೆಗಿದ್ದ ಬಾಪೂಜಿ ನಗರದ ಮನೆಯ ಮುಂದೆ ಗೇಟು ತೆಗೆಯಲು ಹೆಣಗುತ್ತಾ ಸಿಕ್ಕಿದರು. ಒಬ್ಬರನ್ನೇ ಕಳಿಸಬೇಡಿ ಎಂದು ಡಾಕ್ಟರು ಹೇಳಿದ ಮೇಲೆ ದೊಡ್ಡಮ್ಮ ಎಲ್ಲಿಗೆ ಹೋದರೂ ಅವರ ಕೈ ಹಿಡಿದೇ ಹೋಗುತ್ತಿದ್ದರು. “ನನ್ನನ್ನೂ ಮರೆತುಬಿಟ್ರೆ ಏನೇ ಮಾಡ್ಲಿ?” ಎಂದು ಒಂದು ದಿನ ಕೇಳಿದರು.

ಹಬ್ಬದ ಹಿಂದಿನ ದಿನ ಮೂವರೂ ವಿಜಯನಗರದ ಮಾರ್ಕೆಟ್ಟಿಗೆ ಹೋಗಿದ್ದೆವು. ಸೇವಂತಿಗೆ ಆರಿಸಲು ದೊಡ್ಡಮ್ಮ ಒಂದು ಗಳಿಗೆ ಕೈ ಬಿಟ್ಟರು. ತಿರುಗಿ ನೋಡಿದರೆ ದೊಡ್ಡಪ್ಪ ಇಲ್ಲ. ದೊಡ್ಡಮ್ಮ “ರೀ! ಇಲ್ನೋಡ್ರೀ!” ಎಂದು ಕೂಗಿದರು. ಆ ಸಂತೆಯಲ್ಲಿ “ರೀ” ಎಂದರೆ ಯಾರು ತಿರುಗುತ್ತಾರೆ? ಎಲ್ಲರ ಹೆಂಡತಿಯರೂ ಅದನ್ನೇ ಕೂಗುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು ಬಿಟ್ಟರೆ ಅವರು ಯಾವ ಬಸ್ಸು ಹತ್ತುತ್ತಾರೋ ಯಾರಿಗೆ ಗೊತ್ತು? ದೊಡ್ಡಮ್ಮ ಹೂವಿನ ಚೀಲ ಕೆಳಗಿಟ್ಟರು.

“ಆಯಸ್ಸಿನ ಮಾತು ಆಮೇಲೆ. ಮೊದ್ಲು ಮನುಷ್ಯ ಸಿಗ್ಲಿ,” ಎಂದವರೇ ಗಂಟಲು ಹರಿಯುವ ಹಾಗೆ ಕೂಗಿದರು.

“ಗುರೂ!”

ಅರ್ಧ ವಿಜಯನಗರ ತಿರುಗಿ ನೋಡಿತು. ಡೆಲಿವರಿ ಹುಡುಗರು ಬೈಕು ನಿಲ್ಲಿಸಿದರು. ಎಳನೀರಿನವನು ಮಚ್ಚು ಹಿಡಿದುಕೊಂಡೇ ಬಂದ.

“ಏನಾಯ್ತಮ್ಮಾ?”

“ನೀವಲ್ರಪ್ಪಾ, ನಮ್ಮನೆಯವರು. ಕಾಣಿಸ್ತಿಲ್ಲ.”

“ಹೆಸರೇನಮ್ಮಾ ಅವರ್ದು?”

“ಈಗ ತಾನೇ ಕೂಗಿದ್ನಲ್ಲಪ್ಪಾ,” ಎಂದು ದೊಡ್ಡಮ್ಮ ಅತ್ತೇಬಿಟ್ಟರು.

ಆ ಹುಡುಗರು ಆಮೇಲೆ ಏನನ್ನೂ ಕೇಳಲಿಲ್ಲ. ದಿಕ್ಕಿಗೊಬ್ಬರಂತೆ ಗಲ್ಲಿಗಳಿಗೆ ನುಗ್ಗಿದರು. ಎಲ್ಲ ಕಡೆಯಿಂದಲೂ “ಗುರು ಸಾರ್! ಗುರು ಅಂಕಲ್!” ಎಂಬ ಕೂಗು. ಯಾವ ಹೆಸರನ್ನು ಬೀದಿಯಲ್ಲಿ ಕೇಳಿದರೆ ದೊಡ್ಡಮ್ಮ ಕಿವಿ ಮುಚ್ಚಿಕೊಳ್ಳುತ್ತಿದ್ದರೋ ಅದನ್ನೇ ಅವರು ಎಲ್ಲರಿಗಿಂತ ಜೋರಾಗಿ ಕೂಗುತ್ತಾ ಓಡಿದರು, ನಾನು ಅವರ ಹಿಂದೆ.

ದೊಡ್ಡಪ್ಪ ದೂರವೇನೂ ಹೋಗಿರಲಿಲ್ಲ. ಬಾಳೆಕಂಬದ ರಾಶಿಯ ಹಿಂದೆ, ನೆರಳಲ್ಲಿ, ಆರಾಮಾಗಿ ನಿಂತಿದ್ದರು. ನನಗೆ ಕೋಪ ನೆತ್ತಿಗೇರಿತು. “ದೊಡ್ಡಮ್ಮ ಅಷ್ಟು ಕೂಗಿದ್ದು ಕೇಳಿಸ್ಲಿಲ್ವಾ ದೊಡ್ಡಪ್ಪ?” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. ಹೆಂಡತಿಯನ್ನೇ ನೋಡುತ್ತಾ ಹೇಳಿದರು: “ಮೊದಲ್ನೇ ಸಲಕ್ಕೇ ಕೇಳಿಸ್ತು ಕಣೇ. ಅವತ್ತು ಹೊಸಿಲಲ್ಲಿ ಹೇಳ್ದೇನೇ ಹಿತ್ತಲಿಂದ ಹೋಗ್ಬಿಟ್ಟೆ ನೀನು. ಇನ್ನೊಂದ್ಸಲ ಕರೀತೀಯೇನೋ ಅಂತ ನಿಂತಿದ್ದೆ.”

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. ಬೈಕಿನ ಹುಡುಗರೆಲ್ಲ ಸುತ್ತ ನಿಂತು ನೋಡುತ್ತಿದ್ದರೂ ನಾಚಿಕೆಪಡದೆ ಗಂಡನ ಕೈ ಹಿಡಿದುಕೊಂಡರು.

“ಗುರು,” ಎಂದರು, “ಬನ್ರೀ, ಮನೆಗೆ ಹೋಗೋಣ.”